ಸಕ್ಕರೆ ಇಳಿದಾಗ ಎಬ್ಬಿಸುವ ನಾಯಿ: ಎರಡು ವರ್ಷ ಜೊತೆಗಿದ್ದ ಮೇಲೆ

ರಕ್ತದ ಸಕ್ಕರೆ ಇಳಿದದ್ದನ್ನು ಮೂಸಿ ಹೇಳುವಂತೆ ಪಳಗಿಸಿದ ನಾಯಿಯನ್ನು ನನಗೆ ಒಪ್ಪಿಸಿದ ಸಂಸ್ಥೆ ಅದರ ಜೊತೆಗೆ ನಾಲ್ಕು ಪುಟದ ಕೈಪಿಡಿಯನ್ನೂ ಕೊಟ್ಟಿತ್ತು. ಕರಡು ತಿದ್ದುವುದು ನನ್ನ ಹೊಟ್ಟೆಪಾಡಿನ ಕೆಲಸ. ಯಾವ ಕಾಗದ ಕೈಗೆ ಬಂದರೂ ಓದುವುದಕ್ಕೆ ಮೊದಲು ತಪ್ಪು ಹುಡುಕುತ್ತೇನೆ. ಆ ನಾಲ್ಕು ಪುಟಗಳಲ್ಲಿ ಕಾಗುಣಿತದ ತಪ್ಪು ಒಂದೂ ಸಿಗಲಿಲ್ಲ. ಆದರೆ ಮೊದಲ ಪುಟದ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ‘ಎಂದೂ ತಪ್ಪದ ಮೂಗು’ ಎಂದಿತ್ತು. ಅದನ್ನು ತಿದ್ದಲು ನನಗೆ ಎರಡು ವರ್ಷ ಬೇಕಾಯಿತು. ನಾಯಿಯ ಮೇಲೆ ನನಗೆ ದೂರಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಐದರಲ್ಲಿ ಎಷ್ಟು ಎಂದು ಕೇಳಿದರೆ ನಾಯಿಗೆ ನಾಲ್ಕು, ಸಂಸ್ಥೆಗೆ ಎರಡೂವರೆ.

ನನಗೆ ಟೈಪ್ 1 ಮಧುಮೇಹ ಬಂದು ಇಪ್ಪತ್ತೇಳು ವರ್ಷವಾಯಿತು. ಮೊದಮೊದಲು ಸಕ್ಕರೆ ಇಳಿದರೆ ಕೈ ನಡುಗುತ್ತಿತ್ತು, ಬೆನ್ನಮೇಲೆ ಬೆವರು ಹರಿಯುತ್ತಿತ್ತು, ಎದೆ ಡವಡವ ಎನ್ನುತ್ತಿತ್ತು. ಆಗ ಅವನ್ನು ಶಪಿಸುತ್ತಿದ್ದೆ. ಅವು ಎಂಥ ಉಪಕಾರಿಗಳು ಎಂಬುದು ಅವು ಬರುವುದು ನಿಂತ ಮೇಲೆ ತಿಳಿಯಿತು. ಸಕ್ಕರೆ ಪದೇ ಪದೇ ಇಳಿಯುತ್ತಿದ್ದರೆ ದೇಹ ಎಚ್ಚರಿಕೆ ಕೊಡುವುದನ್ನೇ ಮರೆಯುತ್ತದೆ. ಆ ನಡುಕ, ಎದೆಬಡಿತ ಹುಟ್ಟಿಸುವ ಅಡ್ರಿನಲಿನ್ ಎಂಬ ರಸ ಹೊತ್ತಿಗೆ ಸರಿಯಾಗಿ ಉಕ್ಕುವುದಿಲ್ಲ. ಮಿದುಳಿಗೆ ಸಕ್ಕರೆ ಸಾಲದಾದಾಗ ಮೊದಲು ಮಂಕಾಗುವುದು ‘ನನಗೇನೋ ಆಗುತ್ತಿದೆ’ ಎಂದು ಗುರುತಿಸುವ ಬುದ್ಧಿಯೇ. ಒಂದು ಮಧ್ಯಾಹ್ನ ನಾನು ಹನ್ನೊಂದು ಪುಟಗಳುದ್ದಕ್ಕೂ ಸರಿಯಾಗಿದ್ದ ಮಹಾಪ್ರಾಣಗಳನ್ನೆಲ್ಲ ಕೆಂಪು ಶಾಯಿಯಲ್ಲಿ ಅಲ್ಪಪ್ರಾಣ ಮಾಡಿಟ್ಟಿದ್ದೆ. ‘ಅಧಿಕಾರ’ ಇದ್ದಲ್ಲೆಲ್ಲ ‘ಅದಿಕಾರ’, ‘ಭಾಷೆ’ ಇದ್ದಲ್ಲೆಲ್ಲ ‘ಬಾಷೆ’. ಅಕ್ಷರಗಳು ಗುಂಡಾಗಿದ್ದವು, ಒಂದೂ ನಡುಗಿರಲಿಲ್ಲ. ತಂಗಿ ಬಂದು ಬೆರಳು ಚುಚ್ಚಿ ನೋಡಿದಾಗ ಸಕ್ಕರೆ 48 ಇತ್ತು, 70ರ ಕೆಳಗೆ ಹೋದರೇ ಇಳಿದಂತೆ ಲೆಕ್ಕ. ಅಂದು ಸಂಜೆ ಆ ಪುಟಗಳನ್ನು ಮತ್ತೆ ತಿದ್ದುತ್ತ ಕೂತಾಗ ನನಗೆ ಹುಟ್ಟಿದ ಹೆದರಿಕೆ ಸಾಯುವ ಹೆದರಿಕೆಯಲ್ಲ, ಗೊತ್ತಿಲ್ಲದೆ ಮೂರ್ಖಳಾಗುವ ಹೆದರಿಕೆ.

ತೋಳಿಗೆ ಅಂಟಿಸುವ ಸೆನ್ಸರ್ ಆಗಲೇ ಇತ್ತು. ಅದು ಐದೈದು ನಿಮಿಷಕ್ಕೊಮ್ಮೆ ಮೊಬೈಲಿಗೆ ಅಂಕಿ ಕಳಿಸುತ್ತದೆ, ಇಳಿದರೆ ಕೂಗುತ್ತದೆ. ನಾನು ಅದರ ಕೂಗಿಗೆ ಏಳುತ್ತಿರಲಿಲ್ಲ. ದಿನಕ್ಕೆ ಆರು ಸಲ ಕೂಗುವ ಯಂತ್ರ ಕೊನೆಗೆ ಮನೆಯ ಸದ್ದುಗಳಲ್ಲಿ ಒಂದಾಗಿಬಿಡುತ್ತದೆ. ನಾಯಿಯ ಯೋಚನೆ ಬಂದದ್ದು ಹೀಗೆ.

ಅರ್ಜಿ ಹಾಕಿದ ಮೇಲೆ ಹದಿನಾಲ್ಕು ತಿಂಗಳು ಕಾದೆ. ಸುಮ್ಮನೆ ಕಾಯುವುದಲ್ಲ, ಆ ಹೊತ್ತಿನಲ್ಲಿ ನಾವೂ ಕೆಲಸ ಮಾಡಬೇಕು. ಸಕ್ಕರೆ 70ಕ್ಕಿಂತ ಕೆಳಗಿಳಿದಾಗಲೆಲ್ಲ ಹತ್ತಿಯ ತುಣುಕಿನಿಂದ ಕತ್ತು, ಹಣೆ ಒರೆಸಿ, ಅದರ ಮೇಲೆ ಉಸಿರೂದಿ, ಡಬ್ಬಿಗೆ ಹಾಕಿ, ತಾರೀಖು ಬರೆದು ಫ್ರೀಜರಿನಲ್ಲಿಡಬೇಕು. ಕಣ್ಣು ಕತ್ತಲೆಗಟ್ಟುತ್ತಿರುವಾಗ ಹತ್ತಿಯ ಡಬ್ಬಿಗಾಗಿ ತಡಕಾಡುವ ಪಾಡು ಯಾರಿಗೂ ಬೇಡ. ಇಪ್ಪತ್ತೆರಡು ಡಬ್ಬಿ ಕಳಿಸಿಕೊಟ್ಟೆ. ಅದರ ಮೇಲೆ ಕಪ್ಪು ಲ್ಯಾಬ್ರಡಾರ್ ಒಂದನ್ನು ಪಳಗಿಸಿದರು. ಬೇರೆಯ ಮಧುಮೇಹಿಗಳ ಬೆವರಿನಿಂದ ಆರಂಭದ ಪಾಠ, ನನ್ನ ಬೆವರಿನಿಂದ ಕಡೆಯ ಪಾಠ ಎಂದು ನನಗೆ ವಿವರಿಸಿದರು. ಕೊನೆಗೆ ಎರಡು ವಾರ ನಾನೂ ನಾಯಿಯೂ ಜೊತೆಗೆ ಕಲಿತೆವು. ಅವರು ಇಟ್ಟ ಹೆಸರು ನನ್ನ ನಾಲಿಗೆಗೆ ಹೊಂದಲಿಲ್ಲ. ಮನೆಯಲ್ಲಿ ‘ಕಾಡಿಗೆ’ ಎಂದು ಕರೆದೆವು, ಮೂರೇ ದಿನಕ್ಕೆ ತಿರುಗಿ ನೋಡತೊಡಗಿತು.

ಅದು ಎಚ್ಚರಿಸುವ ಬಗೆ ಹೀಗೆ. ಮೊದಲು ಬಂದು ಮೊಣಕಾಲಿಗೆ ಮೂಗು ಒತ್ತುತ್ತದೆ. ನಾನು ಗಮನಿಸದಿದ್ದರೆ ಬಲಗಾಲೆತ್ತಿ ತೊಡೆಯ ಮೇಲಿಡುತ್ತದೆ. ಆಗಲೂ ಏಳದಿದ್ದರೆ ಗ್ಲೂಕೋಸ್ ಮಾತ್ರೆಯಿರುವ ಕೆಂಪು ಚೀಲವನ್ನು ಕಚ್ಚಿ ತಂದು ಮಡಿಲಿಗೆ ಹಾಕಿ, ನನ್ನ ಮುಖಕ್ಕೆ ಮುಖ ಕೊಟ್ಟು ನಿಲ್ಲುತ್ತದೆ. ಯಂತ್ರದ ಬಾಯಿ ಮುಚ್ಚಿಸಲು ಒಂದು ಗುಂಡಿ ಸಾಕು. ಈ ಮುಖವನ್ನು ಒತ್ತಿ ನಿಲ್ಲಿಸುವ ಗುಂಡಿ ಇಲ್ಲ.

ಮೂರನೆಯ ವಾರದ ಒಂದು ರಾತ್ರಿ. ಎರಡು ಮುಕ್ಕಾಲಿರಬೇಕು. ಗದ್ದದ ಕೆಳಗೆ ತಣ್ಣನೆಯದೇನೋ ಒತ್ತಿದಂತಾಗಿ ಎಚ್ಚರವಾಯಿತು. ಮೊಬೈಲ್ ನೋಡಿದರೆ 88. ‘ಹೋಗಿ ಮಲಗು’ ಎಂದೆ. ಹೋಗಲಿಲ್ಲ. ಹೊದಿಕೆ ಎಳೆಯಿತು. ಬೈದೆ. ಕೆಂಪು ಚೀಲ ಬಂತು. ಬೆರಳು ಚುಚ್ಚಿದರೆ 61. ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ಜೀವಕೋಶಗಳ ನಡುವಿನ ದ್ರವವನ್ನು. ಸಕ್ಕರೆ ವೇಗವಾಗಿ ಇಳಿಯುವಾಗ ಅದು ಕೆಲವು ನಿಮಿಷ ಹಿಂದುಳಿಯುತ್ತದೆ. ನಾನು ಮಾತ್ರೆ ಅಗಿದು ಮುಗಿಸುವ ಹೊತ್ತಿಗೆ ಮೊಬೈಲ್ ಕೂಗಿತು. ಇದಾಗಿ ಹತ್ತು ದಿನಕ್ಕೆ ಇದರ ತಿರುಗುಮುರುಗು ಪ್ರಸಂಗವೂ ನಡೆಯಿತು. ಮೊಬೈಲ್ 54 ಎಂದು ಬೊಬ್ಬೆ ಹೊಡೆಯುತ್ತಿದೆ, ಕಾಡಿಗೆ ಕಾಲು ಚಾಚಿ ಗೊರಕೆ ಹೊಡೆಯುತ್ತಿದೆ. ಬೆರಳು ಚುಚ್ಚಿದರೆ 103. ಸೆನ್ಸರ್ ಇದ್ದ ತೋಳಿನ ಮೇಲೆಯೇ ಮಗ್ಗುಲಾಗಿ ಮಲಗಿದ್ದೆ. ಹಾಗೆ ಅದುಮಿದರೆ ಯಂತ್ರ ಸುಳ್ಳು ಇಳಿತ ತೋರಿಸುವುದುಂಟು. ಆ ಎರಡು ರಾತ್ರಿಗಳ ಬಳಿಕ ಕಂಡವರಿಗೆಲ್ಲ ನಾಯಿಯ ಪುರಾಣ ಹೇಳಿಕೊಂಡು ತಿರುಗಿದೆ. ಆಗಲೇ ಈ ವಿಮರ್ಶೆ ಬರೆದಿದ್ದರೆ ಐದಕ್ಕೆ ಐದೂವರೆ ಕೊಡುತ್ತಿದ್ದೆನೇನೋ.

ಪುಣ್ಯಕ್ಕೆ ನಾನು ಲೆಕ್ಕದ ಪುಸ್ತಕ ಇಟ್ಟಿದ್ದೆ. ಹೊತ್ತು, ಬೆರಳಿನ ಅಂಕಿ, ಸೆನ್ಸರಿನ ಅಂಕಿ, ಕಾಡಿಗೆ ಹೇಳಿತೋ ಇಲ್ಲವೋ, ಹೇಳಿದ್ದು ಮೊಬೈಲಿಗಿಂತ ಮೊದಲೋ ಆಮೇಲೋ, ಹೀಗೆ ಐದು ಕಲಮುಗಳು. ಮೊದಲ ಮೂರು ತಿಂಗಳ ಪುಟಗಳನ್ನು ಕೂಡಿಸಿದೆ. ಸಕ್ಕರೆ 70ರ ಕೆಳಗಿಳಿದದ್ದು 58 ಸಲ. ಕಾಡಿಗೆ ಹೇಳಿದ್ದು 39, ಹೇಳದೆ ಬಿಟ್ಟದ್ದು 19. ಏನೂ ಆಗದೆ ಇದ್ದಾಗ ಬಂದು ಎಬ್ಬಿಸಿದ್ದು 27. ಇದನ್ನಾದರೂ ನುಂಗಿಕೊಳ್ಳಬಹುದಿತ್ತು. ನುಂಗಲಾಗದ್ದು ಕೊನೆಯ ಕಲಮು: ಆ 39ರಲ್ಲಿ 22 ಸಲ ಅದು ಎದ್ದು ಬಂದದ್ದು ಮೊಬೈಲ್ ಕೂಗಿದ ಮೇಲೆ.

ಅಂದರೆ ನನ್ನ ನಾಯಿ ಮೂಸುತ್ತಿತ್ತೋ, ಕೇಳುತ್ತಿತ್ತೋ?

ಪ್ರಾಣಿಗಳ ಜಾಣತನದ ಚರಿತ್ರೆಯಲ್ಲಿ ಈ ಪ್ರಶ್ನೆಗೊಂದು ಕುದುರೆ ಇದೆ. ಬರ್ಲಿನ್ನಿನ ಹಾನ್ಸ್ ಎಂಬ ಕುದುರೆ ಲೆಕ್ಕ ಕೇಳಿದರೆ ಗೊರಸು ಬಡಿದು ಉತ್ತರ ಹೇಳುತ್ತಿತ್ತು. 1907ರಲ್ಲಿ ಆಸ್ಕರ್ ಫುಂಗ್ಸ್ಟ್ ಎಂಬವರು ಪರೀಕ್ಷಿಸಿ, ಕೇಳುವವನಿಗೇ ಉತ್ತರ ತಿಳಿಯದಿದ್ದರೆ ಕುದುರೆಗೂ ತಿಳಿಯದು ಎಂದು ತೋರಿಸಿದರು. ಅದು ಓದುತ್ತಿದ್ದದ್ದು ಎದುರಿಗಿದ್ದವರ ಮುಖವನ್ನು, ಮೈಯ ಬಿಗಿತವನ್ನು. ಇದರಲ್ಲಿ ಮೋಸ ಮಾಡಿದವರು ಯಾರೂ ಇಲ್ಲ. ಪಾಪ, ಕುದುರೆ ತನಗೆ ಸುಲಭವಾದ ದಾರಿ ಹಿಡಿದಿತ್ತು, ಅಷ್ಟೆ. ಮೊಬೈಲ್ ಕೂಗಿದೊಡನೆ ನಾನು ಅಂಕಿ ನೋಡುತ್ತೇನೆ, ಕೆಂಪು ಚೀಲದತ್ತ ಕಣ್ಣು ಹಾಯಿಸುತ್ತೇನೆ. ಅದರ ಬಳಿಕ ಮೊಣಕಾಲಿಗೆ ಮೂಗು ಒತ್ತಿದರೆ ತಿನಿಸು ಸಿಗುತ್ತದೆ. ಇಷ್ಟು ಗೊತ್ತಾದ ಮೇಲೆ ಮೂಸುವ ಶ್ರಮ ಯಾವ ನಾಯಿಗೆ ಬೇಕು?

ತಂಗಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಕ್ಕಾ, ನೀನು ನಾಯಿಯನ್ನೂ ಕರಡು ತಿದ್ದಲು ಹೊರಟೆಯಲ್ಲ” ಎಂದಳು. ಆದರೂ ಹತ್ತು ದಿನ ನಮ್ಮ ಮನೆಯಲ್ಲೇ ಉಳಿದಳು. ಸೆನ್ಸರಿನ ಅಂಕಿ ಅವಳ ಮೊಬೈಲಿಗೆ ಮಾತ್ರ ಹೋಗುವಂತೆ ಮಾಡಿದೆವು, ನನ್ನದರ ಸದ್ದು, ನಡುಕ ಎರಡನ್ನೂ ನಿಲ್ಲಿಸಿದೆವು. ಅವಳು ಪಕ್ಕದ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಕೂರುವುದು, 60 ಮುಟ್ಟಿದರೆ ಮಾತ್ರ ಹೊರಗೆ ಬರುವುದು. ಇಂಥದ್ದನ್ನು ಒಬ್ಬರೇ ಇರುವಾಗ ದಯವಿಟ್ಟು ಮಾಡಬೇಡಿ. ಆ ಹತ್ತು ದಿನಗಳಲ್ಲಿ ಏಳು ಸಲ ಸಕ್ಕರೆ ಇಳಿಯಿತು. ಕಾಡಿಗೆ ಹೇಳಿದ್ದು ನಾಲ್ಕು ಸಲ. ಆ ನಾಲ್ಕು ಮಾತ್ರ ಅಪ್ಪಟ ಮೂಗಿನ ಕೆಲಸ. ನನಗೆ ನಿಜಕ್ಕೂ ಸಮಾಧಾನವಾಯಿತು. ಮೂಗು ಇದೆ, ಸೋಮಾರಿತನವೂ ಇದೆ.

ಹನ್ನೊಂದನೆಯ ದಿನ ಡಬ್ಬಿಗಳ ಪರೀಕ್ಷೆ ಮಾಡಿದೆವು. ಆರು ಡಬ್ಬಿ ಸಾಲಾಗಿಟ್ಟು, ಒಂದರಲ್ಲಿ ಮಾತ್ರ ಸಕ್ಕರೆ ಇಳಿದಾಗಿನ ಹತ್ತಿ, ಉಳಿದ ಐದರಲ್ಲಿ ಸಕ್ಕರೆ ಸರಿಯಿದ್ದಾಗಿನ ನನ್ನದೇ ಬೆವರಿನ ಹತ್ತಿ. ಎಲ್ಲಿ ಯಾವುದಿದೆ ಎಂಬುದು ಇಟ್ಟವಳಿಗೆ ಮಾತ್ರ ಗೊತ್ತು, ಇಟ್ಟವಳು ಕೋಣೆಯಲ್ಲಿರುವುದಿಲ್ಲ. ಕಾಡಿಗೆ ಮೊದಲ ಸುತ್ತಿನಲ್ಲೇ ಸರಿಯಾದ ಡಬ್ಬಿಯ ಮುಂದೆ ಕೂತಿತು. ಎರಡನೆಯ ಸುತ್ತು, ಮೂರನೆಯ ಸುತ್ತು, ಎಲ್ಲವೂ ಸರಿ. ನಾನು ಕುಣಿಯುವುದೊಂದು ಬಾಕಿ. ಆಗ ತಂಗಿ, “ಆ ಡಬ್ಬಿಯ ಮುಚ್ಚಳ ನೀಲಿ, ಉಳಿದದ್ದೆಲ್ಲ ಬಿಳಿ, ನೋಡಿದೆಯಾ?” ಎಂದಳು. ಸಂಸ್ಥೆ ಕಳಿಸಿದ್ದ ಡಬ್ಬಿಗಳು ನೀಲಿ ಮುಚ್ಚಳದವು. ಬಿಳಿಯವು ನಮ್ಮ ಮನೆಯವು. ನೀಲಿಗೆ ಬಣ್ಣವೂ ಬೇರೆ, ಪ್ಲಾಸ್ಟಿಕ್ಕಿನ ವಾಸನೆಯೂ ಬೇರೆ. ಎಲ್ಲವನ್ನೂ ಒಂದೇ ಬಗೆಯ ಡಬ್ಬಿಗೆ ಬದಲಿಸಿ ಮತ್ತೆ ಇಟ್ಟೆವು. ಈ ಸಲ ಕಾಡಿಗೆ ಸಾಲನ್ನು ಎರಡು ಬಾರಿ ಸುತ್ತಿ, ನಡುವೆ ನಿಂತು, ತಲೆ ವಾರೆ ಮಾಡಿ ನನ್ನ ಮುಖ ನೋಡಿತು. ಹಾನ್ಸ್ ನೆನಪಾಗಿ ಗೋಡೆಯತ್ತ ತಿರುಗಿ ನಿಂತೆ.

ಅಲ್ಲಿಗೆ ಸಂಸ್ಥೆಯ ತಪ್ಪು ಎಲ್ಲಿದೆ ಎಂಬುದು ಸ್ಪಷ್ಟವಾಯಿತು. ಅವರು ನನ್ನಿಂದ ಕೇಳಿ ಪಡೆದ ಇಪ್ಪತ್ತೆರಡೂ ಡಬ್ಬಿಗಳು ಸಕ್ಕರೆ ಇಳಿದಾಗಿನವು. ಸರಿಯಿದ್ದಾಗಿನ ಒಂದು ಹತ್ತಿಯನ್ನೂ ಕೇಳಿರಲಿಲ್ಲ. ಹಾಗಾದರೆ ನಾಯಿ ಕಲಿತದ್ದೇನು? ‘ಈಕೆಯ ಸಕ್ಕರೆ ಇಳಿದಿದೆ’ ಎಂದೇ, ಅಥವಾ ‘ಇದು ಈಕೆಯ ಹತ್ತಿ’ ಎಂದೇ? ಎರಡರ ನಡುವಿನ ವ್ಯತ್ಯಾಸ ಕಲಿಸದೆ ಪದವಿ ಕೊಟ್ಟು ಕಳಿಸಿದ್ದರು. ಪತ್ರ ಬರೆದೆ. ಉತ್ತರ ಬರಲು ಐದು ವಾರ. ಬಂದ ಉತ್ತರದಲ್ಲಿ ನನ್ನ ಪ್ರಶ್ನೆಗೆ ಉತ್ತರವಿರಲಿಲ್ಲ, ‘ನಾಯಿಯ ಮೇಲೆ ನಂಬಿಕೆಯಿಡಿ’ ಎಂಬ ಸಲಹೆಯಿತ್ತು. ನಂಬಿಕೆ ನನ್ನಲ್ಲಿ ಬೇಕಾದಷ್ಟಿತ್ತು, ಕೇಳಿದ್ದು ಸರಿಯಾದ ಡಬ್ಬಿ ಯಾವುದೆಂದು ಕೋಣೆಯಲ್ಲಿದ್ದ ಯಾರಿಗೂ ಗೊತ್ತಿರದಂತೆ ಮಾಡಿದ ಪರೀಕ್ಷೆಯ ದಾಖಲೆ. ಅದು ಅವರಲ್ಲಿ ಇರಲೇ ಇಲ್ಲ.

ಈ ಹೊತ್ತಿಗೆ ನಾನು ಓದಲು ಶುರುಮಾಡಿದ್ದೆ. ಸಕ್ಕರೆ ಇಳಿದಾಗ ಮೈಯಿಂದ ಬೇರೆ ವಾಸನೆ ಬರುತ್ತದೆ ಎಂಬುದು ಗಾಳಿಮಾತಲ್ಲ. 2016ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ಟೈಪ್ 1 ಇರುವ ಎಂಟು ಮಹಿಳೆಯರ ಸಕ್ಕರೆಯನ್ನು ನಿಗಾ ಇಟ್ಟು ಇಳಿಸಿ ಉಸಿರನ್ನು ಅಳೆದಾಗ ಐಸೊಪ್ರೀನ್ ಎಂಬ ಅನಿಲ ಏರಿತ್ತು, ಕೆಲವರಲ್ಲಿ ಸುಮಾರು ಎರಡು ಪಟ್ಟು. ನಾಯಿ ಹಿಡಿಯುವುದು ಅದನ್ನೇ ಎಂದು ಇದರಿಂದ ಸಾಬೀತಾಗುವುದಿಲ್ಲ, ಹಿಡಿಯಲು ಏನೋ ಇದೆ ಎಂದಷ್ಟೇ ತಿಳಿಯುತ್ತದೆ. ನಾಯಿಗಳ ಸಾಧನೆಯ ಲೆಕ್ಕ ಮಾತ್ರ ಒಂದೊಂದು ಕಡೆ ಒಂದೊಂದು ಥರ. 2017ರಲ್ಲಿ ಪ್ರಕಟವಾದ ಅಮೆರಿಕದ ಒಂದು ಸಣ್ಣ ಅಧ್ಯಯನದಲ್ಲಿ ನಾಯಿಗಳು ಹಿಡಿದದ್ದು ಇಳಿತಗಳಲ್ಲಿ ಶೇಕಡಾ 36 ಮಾತ್ರ, ಸುಳ್ಳು ಎಚ್ಚರಿಕೆಗಳು ರಾಶಿರಾಶಿ. 2019ರ ಬ್ರಿಟನ್ನಿನ ಅಧ್ಯಯನದಲ್ಲಿ 27 ನಾಯಿಗಳನ್ನು ನೋಡಿದರು, ಅಲ್ಲಿ ಮಧ್ಯದ ಅಂಕಿ ಶೇಕಡಾ 83, ನಾಯಿಯಿಂದ ನಾಯಿಗೆ ದೊಡ್ಡ ಅಂತರ. ಕೈಪಿಡಿ ಬರೆಯುವವರು ಎರಡನೆಯದನ್ನು ಓದಿ ಮೊದಲನೆಯದನ್ನು ಮಡಚಿಡುತ್ತಾರೆ. ನನ್ನ ಕಾಡಿಗೆ ಇವೆರಡರ ನಡುವೆ ಎಲ್ಲೋ ಬಾಲ ಅಲ್ಲಾಡಿಸುತ್ತಿದೆ.

ಕೈಪಿಡಿಯ ಎರಡನೆಯ ಪುಟದಲ್ಲಿ ಮೂತ್ರಕೋಶದ ಕ್ಯಾನ್ಸರ್ ಹಿಡಿದ ನಾಯಿಗಳ ಕಥೆಯೂ ಇತ್ತು. 2004ರದು. ಆರೋಗ್ಯವಂತನೆಂದು ತಿಳಿದು ಹೋಲಿಕೆಗೆ ಸೇರಿಸಿಕೊಂಡಿದ್ದ ವ್ಯಕ್ತಿಯೊಬ್ಬನ ಮೂತ್ರದ ಮುಂದೆಯೇ ನಾಯಿಗಳು ಪದೇ ಪದೇ ನಿಂತವು, ಮತ್ತೆ ತಪಾಸಣೆ ಮಾಡಿದರೆ ಅವನ ಮೂತ್ರಪಿಂಡದಲ್ಲಿ ಗಡ್ಡೆ ಸಿಕ್ಕಿತು. ಕಥೆ ನಿಜ, ಮೈ ಜುಮ್ಮೆನ್ನುವಂಥದ್ದು. ಆದರೆ ಅದೇ ಅಧ್ಯಯನದಲ್ಲಿ ಏಳು ಮಾದರಿಗಳಲ್ಲಿ ಸರಿಯಾದ ಒಂದನ್ನು ನಾಯಿಗಳು ಆರಿಸಿದ್ದು 54ರಲ್ಲಿ 22 ಸಲ, ಅಂದರೆ ಶೇಕಡಾ 41. ಕುರುಡಾಗಿ ಆರಿಸಿದ್ದರೆ ಶೇಕಡಾ 14 ಬರುತ್ತಿತ್ತು. ಹಾಗಾಗಿ 41 ಎಂಬುದು ಅಚ್ಚರಿಯ ಅಂಕಿಯೇ. ಆದರೆ ಅದನ್ನು ನಂಬಿ ಯಾರ ಜೀವವನ್ನಾದರೂ ಒಪ್ಪಿಸಬಹುದಾದ ಅಂಕಿಯಂತೂ ಅಲ್ಲ. ಕೈಪಿಡಿಯಲ್ಲಿ ಕಥೆ ಇತ್ತು, 41 ಇರಲಿಲ್ಲ.

ನನಗೆ ದಾರಿ ತೋರಿಸಿದ್ದು ನಾಯಿಗಳಲ್ಲ, ಇಲಿಗಳು. ಟಾಂಜಾನಿಯಾದ ಮೊರೊಗೊರೊದಲ್ಲಿ ಅಪೊಪೊ ಎಂಬ ಸಂಸ್ಥೆ ಆಫ್ರಿಕಾದ ದೈತ್ಯ ಚೀಲಗೆನ್ನೆಯ ಇಲಿಗಳಿಗೆ ಕ್ಷಯರೋಗಿಗಳ ಕಫ ಮೂಸುವುದನ್ನು ಕಲಿಸುತ್ತದೆ. ನೂರು ಮಾದರಿಗಳನ್ನು ಒಂದು ಇಲಿ ಸುಮಾರು ಇಪ್ಪತ್ತು ನಿಮಿಷದಲ್ಲಿ ಮುಗಿಸುತ್ತದೆ. ಮಾದರಿಗಳನ್ನು ತೂತುಗಳ ಕೆಳಗೆ ಸಾಲಾಗಿ ಇಟ್ಟಿರುತ್ತಾರೆ, ಅನುಮಾನ ಬಂದ ತೂತಿನ ಮೇಲೆ ಇಲಿ ಮೂಗಿಟ್ಟು ನಿಂತುಬಿಡುತ್ತದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೆ. ಇಲಿಗೆ ತಿನಿಸು ಸಿಗುವುದು ರೋಗವಿದೆ ಎಂದು ಮೊದಲೇ ಖಚಿತವಾಗಿರುವ ಮಾದರಿಗಳ ಮುಂದೆ ನಿಂತಾಗ ಮಾತ್ರ. ಅಂಥವನ್ನು ಸಾಲಿನ ನಡುನಡುವೆ ಸೇರಿಸಿರುತ್ತಾರೆ. ಕ್ಲಿನಿಕ್ಕಿನ ಸೂಕ್ಷ್ಮದರ್ಶಕ ‘ಇಲ್ಲ’ ಎಂದ ಮಾದರಿಯ ಮುಂದೆ ಇಲಿ ನಿಂತರೆ ತಿನಿಸಿಲ್ಲ, ಆ ಕಫ ಮತ್ತೆ ಪ್ರಯೋಗಾಲಯಕ್ಕೆ ಹೋಗುತ್ತದೆ. ಇಲಿಯ ಮಾತಿಗೆ ಬೆಲೆಯುಂಟು, ತೀರ್ಪು ಮಾತ್ರ ಅದರದಲ್ಲ.

ನಮ್ಮ ಮನೆಯಲ್ಲಿ ನಡೆಯುತ್ತಿದ್ದದ್ದು ಇದಕ್ಕೆ ನೇರ ವಿರುದ್ಧ. ಕಾಡಿಗೆ ಮೂಗು ಒತ್ತಿದೊಡನೆ ಕರಗಿ ತಿನಿಸು ಕೊಟ್ಟುಬಿಡುತ್ತಿದ್ದೆ, ಆಮೇಲೆ ಬೆರಳು ಚುಚ್ಚುತ್ತಿದ್ದೆ. 27 ಸುಳ್ಳು ಎಚ್ಚರಿಕೆಗಳನ್ನು ಬಿತ್ತಿ ನೀರೆರೆದವಳು ನಾನೇ. ಪುಸ್ತಕ ತಿರುಗಿಸಿ ನೋಡಿದರೆ ಅವುಗಳಲ್ಲಿ ಬಹುಪಾಲು ಅದರ ಊಟದ ಹೊತ್ತಿಗೆ ಸ್ವಲ್ಪ ಮುಂಚಿನವು. ಎಷ್ಟು ಚೆನ್ನಾಗಿ ಪಳಗಿಸಿದ್ದೆ!

ಇಲ್ಲಿ ಸಂಸ್ಥೆಗೆ ಸಲ್ಲಬೇಕಾದದ್ದನ್ನು ಸಲ್ಲಿಸಬೇಕು. ಎರಡನೆಯ ಪತ್ರದ ಜೊತೆ ಐದು ಕಲಮಿನ ಪುಸ್ತಕದ ನಕಲನ್ನೂ ಕಳಿಸಿದಾಗ, ಕಚೇರಿಯವರಲ್ಲ, ಕಾಡಿಗೆಯನ್ನು ಪಳಗಿಸಿದ್ದ ತರಬೇತುದಾರರೇ ಮನೆಗೆ ಬಂದರು. ಮಾತು ಕಡಿಮೆ. ಬಂದವರು ನನ್ನತ್ತ ನೋಡದೆ ಮುಕ್ಕಾಲು ಗಂಟೆ ನೆಲದ ಮೇಲೆ ಕೂತು ನಾಯಿಯನ್ನೇ ನೋಡಿದರು. “ಇದರ ಮೂಗು ಚೆನ್ನಾಗಿದೆಯಮ್ಮ. ಪಾಠ ನಾವು ಸರಿಯಾಗಿ ಮುಗಿಸಿಲ್ಲ” ಎಂದರು. ನಾಲ್ಕು ಪುಟದ ಕೈಪಿಡಿಗಿಂತ ಆ ಎರಡು ವಾಕ್ಯಗಳಿಂದ ನನಗೆ ಧೈರ್ಯ ಬಂತು. ಆರು ವಾರ ವಾರಕ್ಕೆರಡು ದಿನ ಬಂದರು. ಎರಡೂ ಬಗೆಯ ಹತ್ತಿ, ಒಂದೇ ಬಗೆಯ ಡಬ್ಬಿ, ನನ್ನ ಮುಖ ಗೋಡೆಗೆ. ಮೊಬೈಲ್ ಕೂಗಿದಾಗ ನಾಯಿ ಬಂದರೆ ತಿನಿಸಿಲ್ಲ, ಕೂಗುವುದಕ್ಕೆ ಮೊದಲು ಬಂದು ಬೆರಳು ಸಾಕ್ಷಿ ಹೇಳಿದರೆ ಎರಡು ಪಾಲು. ಮೊದಲ ವಾರ ಕಾಡಿಗೆ ನನ್ನ ಮೇಲೆ ಮುನಿಸಿಕೊಂಡು ಮೇಜಿನಡಿ ಸೇರಿತ್ತು. ನನಗೂ ಕರುಳು ಚುರುಕ್ ಎಂದಿತ್ತು.

ಕಳೆದ ಮೂರು ತಿಂಗಳ ಲೆಕ್ಕ: ಇಳಿದದ್ದು 44 ಸಲ, ಹೇಳಿದ್ದು 33, ಬಿಟ್ಟದ್ದು 11, ಸುಳ್ಳು 12. 33ರಲ್ಲಿ ಮೊಬೈಲಿಗಿಂತ ಮೊದಲು ಬಂದದ್ದು 25. ಈಗ ನನ್ನ ದಿನಚರಿಯಲ್ಲಿ ಯಂತ್ರ, ನಾಯಿ ಎರಡೂ ಇವೆ. ಇಬ್ಬರಲ್ಲಿ ಯಾರು ಕರೆದರೂ ಬೆರಳು ಚುಚ್ಚುತ್ತೇನೆ. ಯಂತ್ರ ಅಂಕಿ ಹೇಳುತ್ತದೆ, ಕಾಡಿಗೆ ಏಳಿಸುತ್ತದೆ. ನನ್ನಂಥವಳಿಗೆ ಬೇಕಾಗಿದ್ದದ್ದು ಎರಡನೆಯದೇ. ಬಿಟ್ಟುಹೋದ 11ರಲ್ಲಿ ನಾಲ್ಕು, ಅದಕ್ಕೆ ಕಿವಿ ಸೋಂಕಾಗಿ ಔಷಧ ನಡೆಯುತ್ತಿದ್ದ ವಾರದವು. ಯಂತ್ರದ ಬ್ಯಾಟರಿ ಮುಗಿದರೆ ತೆರೆಯ ಮೇಲೆ ತೋರಿಸುತ್ತದೆ, ನಾಯಿಗೆ ಮೈ ಸರಿಯಿಲ್ಲ ಎಂಬುದನ್ನು ನಾವೇ ಮುಖ ನೋಡಿ ತಿಳಿಯಬೇಕು.

ತೆಗೆದುಕೊಳ್ಳಬೇಕೆಂದಿರುವವರಿಗೆ ಒಂದು ಮಾತು. ಮನೆಗೆ ಬರುವುದು ಉಪಕರಣವಲ್ಲ, ಜೀವ. ದಿನಕ್ಕೆ ಎರಡು ಸಲ ಹೊರಗೆ ಕರೆದೊಯ್ಯಬೇಕು, ಮಳೆಯೇ ಬರಲಿ, ನಿಮ್ಮ ಸಕ್ಕರೆಯೇ ಏರಲಿ. ವಾರಕ್ಕೊಮ್ಮೆ ಡಬ್ಬಿಯ ಅಭ್ಯಾಸ ತಪ್ಪಿದರೆ ಕಲಿತದ್ದು ಸವೆಯುತ್ತದೆ. ಅದಕ್ಕೂ ರಜೆ ಬೇಕು, ಮೂಗಿಗೆ ಕೆಲಸವಿಲ್ಲದ ಓಟ ಬೇಕು. ನೀವು ಒಬ್ಬರೇ ಇದ್ದು, ಪಕ್ಕದ ಕೋಣೆಯಲ್ಲಿ ಕೂರಲು ಒಬ್ಬ ತಂಗಿಯೂ ಇಲ್ಲದಿದ್ದರೆ ಮೊದಲು ಸೆನ್ಸರಿನ ಸದ್ದಿಗೆ ಏಳುವ ಉಪಾಯವನ್ನೇ ಹುಡುಕಿ. ಸಂಸ್ಥೆಗೆ ಹೋದಾಗ ನಾಯಿಯನ್ನು ಮುದ್ದಿಸುವುದಕ್ಕೆ ಮೊದಲು, ‘ಡಬ್ಬಿ ಇಟ್ಟವರು ಕೋಣೆಯಲ್ಲಿ ಇರದೆ ಮಾಡಿದ ಪರೀಕ್ಷೆಯ ಕಾಗದ ತೋರಿಸಿ’ ಎಂದು ಕೇಳಿ. ಮುದ್ದಿಸಿದ ಮೇಲೆ ಕೇಳಲಾಗುವುದಿಲ್ಲ. ಅನುಭವದಿಂದ ಹೇಳುತ್ತಿದ್ದೇನೆ.

ಕಾಡಿಗೆಗೆ ಈಗ ಐದು ವರ್ಷ ನಡೆಯುತ್ತಿದೆ. ಇನ್ನು ಕೆಲವು ವರ್ಷಕ್ಕೆ ಅದು ನಿವೃತ್ತವಾಗಿ ನನ್ನ ಹಾಸಿಗೆಯ ಮುಕ್ಕಾಲು ಪಾಲು ಆಕ್ರಮಿಸಿಕೊಂಡು ಮಲಗಲಿದೆ. ಕಾಯುವ ಪಟ್ಟಿ ಎಷ್ಟು ಉದ್ದವಾಗಿರುತ್ತದೆ ಎಂಬುದು ಗೊತ್ತಿರುವುದರಿಂದ ಮುಂದಿನ ನಾಯಿಗೆಂದು ಹತ್ತಿ ಕಟ್ಟಿಡಲು ಈಗಲೇ ಆರಂಭಿಸಿದ್ದೇನೆ, ಸಕ್ಕರೆ ಇಳಿದಾಗಿನದು, ಸರಿಯಿದ್ದಾಗಿನದು ಎರಡನ್ನೂ. ಫ್ರೀಜರಿನ ಕೆಳಗಿನ ಖಾನೆಯಲ್ಲಿ ಹದಿನೆಂಟು ಡಬ್ಬಿಗಳಿವೆ. ಎಲ್ಲದರ ಮುಚ್ಚಳವೂ ಬಿಳಿ.